ಡಂಬಾರ್ಟನ್ ಸೇತುವೆಯ ಮೇಲಿನ ತೀರ್ಪು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಹೆಬ್ಬೆರಳು. ನಿಜವಾದ ಹೆಬ್ಬೆರಳಲ್ಲ, ಫೋನಿನಲ್ಲಿ ಹಳದಿ ಬಣ್ಣದಲ್ಲಿ ನೆಟ್ಟಗೆ ನಿಂತಿರುತ್ತದಲ್ಲ, ಅದು. ಯಾರು ಏನು ಬರೆದು ಕಳಿಸಿದರೂ ಲೋಹಿತ್ ಅದಕ್ಕೊಂದು ಹೆಬ್ಬೆರಳು ಒತ್ತಿಬಿಡುತ್ತಿದ್ದ. ಓದಿದೆ, ನಿಮ್ಮ ಮೇಲೆ ನನಗೇನೂ ಕೋಪವಿಲ್ಲ, ದಯವಿಟ್ಟು ನೀವೂ ಕೋಪಿಸಿಕೊಳ್ಳಬೇಡಿ ಎಂದು ಅದರ ಅರ್ಥ. ಒಮ್ಮೆ ಸಾವಿನ ಸುದ್ದಿಗೂ ಒತ್ತಿ, ಆಮೇಲೆ ಎರಡು ದಿನ ಊಟ ಸೇರದೆ ಒದ್ದಾಡಿದ್ದ.

ಆ ಭಾನುವಾರ ಊರಿನ ಫುಟ್‌ಬಾಲ್ ತಂಡ ಮತ್ತೆ ಸೋತಿತ್ತು. ಸೋಲಿಗೆ ಕಾರಣ ಕ್ವಾರ್ಟರ್‌ಬ್ಯಾಕು ಎಂದು ಅರ್ಧ ಊರು, ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಎಂದು ಇನ್ನರ್ಧ ಊರು. ಕ್ವಾರ್ಟರ್‌ಬ್ಯಾಕು ಎಂದರೆ ಅಮೆರಿಕದ ಫುಟ್‌ಬಾಲಿನಲ್ಲಿ ಮದುವೆಮನೆಯ ಅಡುಗೆ ಭಟ್ಟರಿದ್ದ ಹಾಗೆ. ಗಂಡು, ಹೆಣ್ಣು, ಓಲಗ ಎಲ್ಲವೂ ಚೆನ್ನಾಗಿದ್ದು ಸಾರು ಕೆಟ್ಟರೆ ಮದುವೆಯೇ ಕೆಟ್ಟಿತು. ಚೆಂಡನ್ನು ಯಾರಿಗೆ, ಯಾವಾಗ, ಎಷ್ಟು ದೂರ ಎಸೆಯಬೇಕೆಂದು ತೀರ್ಮಾನಿಸುವವನು ಅವನೇ. ಈ ತಂಡದ ಭಟ್ಟರಿಗೆ ಈಗ ಮೂವತ್ತೊಂಬತ್ತು. ಲೋಹಿತನ ಕಾರ್‌ಪೂಲಿನಲ್ಲಿ ಅವನನ್ನು ಕರೆಯುತ್ತಿದ್ದುದು ಯಜಮಾನ ಎಂದು.

ಒಂದೇ ಕಾರಿನಲ್ಲಿ ಆಫೀಸಿಗೆ ಹೋಗಿಬರುವ ಈ ಕಾರ್‌ಪೂಲಿನಲ್ಲಿ ಇದ್ದದ್ದು ಮೂವರು. ಕಾರು ತಿರುಮಲೇಶನದು, ಮೈಸೂರಿನವನು, ಅಂಕಿಅಂಶ ಇಲ್ಲದೆ ಆಕಳಿಸುವವನೂ ಅಲ್ಲ. ಮುಂದಿನ ಸೀಟು ಖಾಲಿದಾ ಮೇಡಂ ಅವರದು; ಧಾರವಾಡದವರು, ಆಫೀಸಿನಲ್ಲಿ ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ, ತಂಡದ ಮೇಲೆ ಮಾತ್ರ ಲೆಕ್ಕವಿಲ್ಲದ ಪ್ರೀತಿ. ಹಿಂದಿನ ಸೀಟಿನಲ್ಲಿ ಲೋಹಿತ್. ಮೂವರೂ ಈಗ ಇದ್ದದ್ದು ಅಮೆರಿಕದ ಬೇ ಏರಿಯಾದ ನೆವಾರ್ಕಿನಲ್ಲಿ, ಹೋಗುತ್ತಿದ್ದುದು ಸೇತುವೆಯಾಚೆ ಸ್ಯಾನ್ ಮಟಿಯೋದ ಒಂದೇ ಆಫೀಸಿಗೆ. ಫ್ರೀವೇ ಕಂಡರೆ ಲೋಹಿತನಿಗೆ ಸ್ಟೀರಿಂಗ್ ಹಿಡಿದ ಕೈ ಬೆವರುತ್ತಿದ್ದುದರಿಂದ ಈ ಇಬ್ಬರ ಹೊರತು ಅವನಿಗೆ ಬೇರೆ ಗತಿ ಇರಲಿಲ್ಲ.

ಯಜಮಾನನನ್ನು ಈ ವರ್ಷವೇ ಕೈಬಿಟ್ಟು, ಬೆಂಚಿನಲ್ಲಿ ಕಾಯುತ್ತಿರುವ ಹೊಸ ಹುಡುಗನನ್ನು ಆಡಿಸಬೇಕು ಎಂದು ಭಾನುವಾರ ರಾತ್ರಿ ತಿರುಮಲೇಶ ಮೂರು ಸ್ಕ್ರೀನು ಉದ್ದದ ಮೆಸೇಜು ಬರೆದ. ಲೋಹಿತ್ ಹೆಬ್ಬೆರಳು ಒತ್ತಿದ. ಯಜಮಾನನನ್ನು ಬಿಟ್ಟರೆ ತಂಡಕ್ಕೆ ಒಳ್ಳೆಯದಾಗುವುದಿಲ್ಲ ಎಂದು ಖಾಲಿದಾ ಮೇಡಂ ಬರೆದರು. ಅದಕ್ಕೂ ಒತ್ತಿದ. ದೀಪ ಆರಿಸಿ ನೆಮ್ಮದಿಯಿಂದ ಮಲಗಿದ.

ಸೋಮವಾರ ಬೆಳಗ್ಗೆ ಕಾರು ಫ್ರೀವೇ ಹತ್ತುವ ಮೊದಲೇ ಮಾತು ಹತ್ತಿಕೊಂಡಿತು.

"ಲೋಹಿತ್ ಅವರೂ ನನ್ನ ಕಡೀನ ಅದಾರ. ನಿನ್ನೆ ರಾತ್ರಿ ಒಪ್ಪಿಗಿ ಕೊಟ್ಟಾರ," ಎಂದರು ಖಾಲಿದಾ ಮೇಡಂ.

"ಯಾವ ಲೋಹಿತು? ನಮ್ಮ ಲೋಹಿತಾ? ಅವನು ಒಪ್ಪಿದ್ದು ನನ್ನ ಮಾತನ್ನ."

"ಹೆಬ್ಬೆಟ್ಟು ಒತ್ಯಾರ್ರೀ. ನೋಡ್ರಿ ಇಲ್ಲಿ."

"ನನಗೂ ಒತ್ತಿದಾನೆ."

ಕನ್ನಡಿಯಲ್ಲಿ ತಿರುಮಲೇಶನ ಎರಡು ಕಣ್ಣು, ಸೀಟಿನ ಸಂದಿಯಲ್ಲಿ ಖಾಲಿದಾ ಮೇಡಂ ಅವರ ಒಂದು ಕಣ್ಣು, ಒಟ್ಟು ಮೂರು ಕಣ್ಣು ಲೋಹಿತನನ್ನು ನೋಡಿದವು. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಅವನು ಸೀಟಿನಲ್ಲಿ ಚಡಪಡಿಸಿದ.

"ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ ಅನ್ನಿಸ್ತು," ಎಂದ.

ಆಮೇಲೆ ನಡೆದ ಜಗಳದಲ್ಲಿ ಲೋಹಿತನ ಪಾಲು ಮರೆತೇಹೋಯಿತು. ಖಾಲಿದಾ ಮೇಡಂ ತಿರುಮಲೇಶನಿಗೆ ಕೃತಜ್ಞತೆ ಇಲ್ಲದವನು ಎಂದರು. ತಿರುಮಲೇಶ, ನಿಮಗೆ ಆಟ ಬೇಡ, ಪೂಜೆ ಮಾಡೋಕೆ ಒಂದು ವಿಗ್ರಹ ಬೇಕು ಎಂದ. ಆಫೀಸಿನ ಪಾರ್ಕಿಂಗಿನಲ್ಲಿ ಇಳಿಯುವಾಗ ಮೇಡಂ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿದರು. ದಿನವೂ ಧಡಾರೆಂದು ಹಾಕುವವರು ಮೆಲ್ಲಗೆ ಹಾಕಿದ್ದೇ ಲೋಹಿತನಿಗೆ ಹೆದರಿಕೆ ಹುಟ್ಟಿಸಿತು.

"ಸಂಜಿಗೆ ನನ್ನ ಹಾದಿ ನೋಡಬ್ಯಾಡ್ರಿ. ನನ್ನ ತಮ್ಮನ ಮಗ ಜೈದ್ ಬರ್ತಾನ," ಎಂದು ಹೇಳಿ ಹೋದರು.

ಲೋಹಿತ್ ಗಡಿಯಾರ ನೋಡಿಕೊಂಡ. ಸಂಜೆ ಆರಕ್ಕೆ ಅವನು ನೆವಾರ್ಕಿನಲ್ಲಿ ಇರಲೇಬೇಕಿತ್ತು. ಅವನ ಮೂರು ವರ್ಷದ ಪುಟ್ಟಿ ಇದ್ದದ್ದು ವೆಂಕಟಮ್ಮ ಆಂಟಿ ತಮ್ಮ ಮನೆಯಲ್ಲೇ ನಡೆಸುತ್ತಿದ್ದ ಡೇಕೇರಿನಲ್ಲಿ. ಮುದ್ದೆ, ಸೊಪ್ಪಿನ ಸಾರು, ಕನ್ನಡದ ಜೋಗುಳ ಎಲ್ಲ ಸಿಗುವ ಅಂಥ ಜಾಗ ಬೇ ಏರಿಯಾದಲ್ಲಿ ಇನ್ನೊಂದು ಅವನಿಗೆ ಗೊತ್ತಿರಲಿಲ್ಲ. ಸೀಟಿಗಾಗಿ ಕೆಲವರು ಮಗು ಹುಟ್ಟುವ ಮೊದಲೇ ಬಂದು ಕೈಮುಗಿದು ಹೋಗುತ್ತಿದ್ದರು. ಲೋಹಿತ್ ಈಗಾಗಲೇ ಹಲವು ಸಲ ತಡಮಾಡಿದ್ದ. ಶುಕ್ರವಾರ ಆಂಟಿ ಬಾಗಿಲಲ್ಲೇ ನಿಲ್ಲಿಸಿ, "ನೋಡಪ್ಪಾ, ಇನ್ನೊಂದ್ಸಲ ಆರು ದಾಟಿದ್ರೆ ಪುಟ್ಟಿ ಸೀಟು ಬೇರೆಯವರಿಗೆ. ಮುಖ ನೋಡಲ್ಲ ನಾನು," ಎಂದಿದ್ದರು. ಹೆಂಡತಿ ಹರಿಪ್ರಿಯಾ ಆಸ್ಪತ್ರೆಯ ಡ್ಯೂಟಿಯಲ್ಲಿ ಇದ್ದಳು. ಅವಳು ಬರುವುದು ಒಂಬತ್ತಕ್ಕೆ.

ಮೂವರು ಕೂತರೆ ಕಾರ್‌ಪೂಲ್ ಲೇನಿನಲ್ಲಿ ಪುಕ್ಕಟೆಯಾಗಿ ಹಾರಿಹೋಗಬಹುದು. ಇಬ್ಬರೇ ಆದರೆ ದುಡ್ಡು ತೆರಬೇಕು, ಇಲ್ಲವೇ ಸಾದಾ ಲೇನಿನಲ್ಲಿ ಎತ್ತಿನ ಗಾಡಿಯಂತೆ ತೆವಳಬೇಕು.

"ಇವತ್ತು ಒಂದು ದಿನ ದುಡ್ಡು ಕೊಟ್ಟು ಹೋಗೋಣ ಸಾರ್. ನಾನೇ ಕೊಡ್ತೀನಿ," ಎಂದು ಲೋಹಿತ್ ಲಿಫ್ಟಿನಲ್ಲಿ ಬೇಡಿಕೊಂಡ.

"ಯಾರ ದುಡ್ಡು ಅನ್ನೋದಲ್ಲ ಪ್ರಶ್ನೆ," ಎಂದ ತಿರುಮಲೇಶ. "ಬಿಟ್ಟಿ ಸಿಗೋ ರೋಡಿಗೆ ಕಾಸು ಕೊಡೋದು ನಮ್ಮ ವಂಶದಲ್ಲೇ ಇಲ್ಲ."

ಇಬ್ಬರಿಗೂ ರಾಜಿ ಮಾಡಿಸದೆ ಬೇರೆ ದಾರಿಯಿರಲಿಲ್ಲ. ಪಕ್ಕದ ಮೇಜಿನ ಅನಿಕೇತ ಕೇಳದಿದ್ದರೂ ಸಲಹೆ ಕೊಡುವ ಉದಾರಿ. ಲೋಹಿತ್ ಮೂರನೆಯ ಸಲ ನಿಟ್ಟುಸಿರು ಬಿಟ್ಟಾಗ ಕುರ್ಚಿ ಉರುಳಿಸಿಕೊಂಡು ಬಂದ.

"ಸಿಂಪಲ್ ಗುರು. ಇಬ್ಬರಿಗೂ ಅರ್ಧರ್ಧ ಹಂಚು. ಮೊದಲರ್ಧ ಆಟ ಯಜಮಾನ ಆಡ್ಲಿ, ಉಳಿದರ್ಧ ಹೊಸ ಹುಡುಗ ಆಡ್ಲಿ. ಆಸ್ತಿ ಜಗಳ ಎಲ್ಲ ಹೀಗೇ ಬಗೆಹರಿಯೋದು."

ಮಧ್ಯಾಹ್ನ ಊಟದ ಕೋಣೆಯಲ್ಲಿ ತಿರುಮಲೇಶ ಒಂದು ಮೂಲೆ, ಖಾಲಿದಾ ಮೇಡಂ ಇನ್ನೊಂದು ಮೂಲೆ. ನಡುವೆ ಡಬ್ಬಿ ಹಿಡಿದು ನಿಂತ ಲೋಹಿತ್ ಇಬ್ಬರಿಗೂ ಕೇಳುವಂತೆ ಅರ್ಧರ್ಧದ ಪ್ರಸ್ತಾಪ ಮಂಡಿಸಿದ.

ತಿರುಮಲೇಶ ಚಮಚ ಕೆಳಗಿಟ್ಟ. "ಅರ್ಧರ್ಧನಾ?"

"ಇದೇನ್ ಚಪಾತೀನಾ ಹರಿದು ಕೊಡಾಕ?" ಎಂದರು ಮೇಡಂ.

"ನಾಲ್ಕು ವರ್ಷದಿಂದ ನಮ್ಮ ಜೊತೆ ಕೂತು ಇವನು ಕಲಿತಿದ್ದು ಇದು ನೋಡಿ ಮೇಡಂ."

"ಪಾಪ, ಬಿಡ್ರಿ. ಅವರಿಗೆ ತಿಳಿಯೂದಿಲ್ಲ."

ಇಬ್ಬರೂ ಒಟ್ಟಿಗೆ ನಕ್ಕರು. ಲೋಹಿತನಿಗೆ ಅವಮಾನಕ್ಕಿಂತ ಆನಂದವೇ ಹೆಚ್ಚಾಯಿತು. ತನ್ನನ್ನು ಬೈಯುತ್ತಾ ಇಬ್ಬರೂ ಒಂದಾದರೆ ನೆವಾರ್ಕಿನವರೆಗೂ ಬೈಯಲಿ ಎಂದುಕೊಂಡ. ಅಷ್ಟರಲ್ಲಿ ತಿರುಮಲೇಶ, "ಅರ್ಧ ಅಲ್ಲ, ಕಾಲು ಭಾಗ ಆಡೋ ಉಸಿರೂ ನಿಮ್ಮ ಯಜಮಾನನಿಗೆ ಉಳಿದಿಲ್ಲ," ಎಂದುಬಿಟ್ಟ. ಮೇಡಂ ಡಬ್ಬಿ ಮುಚ್ಚಿ ಎದ್ದುಹೋದರು.

ಸಂಜೆ ಐದಕ್ಕೆ ಪಾರ್ಕಿಂಗಿನಲ್ಲಿ ತಿರುಮಲೇಶ ಇಂಜಿನು ಚಾಲೂ ಮಾಡಿ ಕೂತಿದ್ದ. ಮೇಡಂ ಕಂಬದ ಹತ್ತಿರ ನಿಂತು ಜೈದನಿಗೆ ಫೋನು ಹಚ್ಚುತ್ತಿದ್ದರು. ಲೋಹಿತ್ ಕಾರಿಗೂ ಕಂಬಕ್ಕೂ ಮೂರು ಸಲ ಓಡಾಡಿದ. ನಾಲ್ಕನೆಯ ಸಲ ನಡುದಾರಿಯಲ್ಲಿ ನಿಂತ. ತಾನೇನು ಹೇಳುತ್ತಿದ್ದೇನೆಂದು ತನಗೇ ತಿಳಿಯುವ ಮೊದಲು ಮಾತು ಹೊರಬಿತ್ತು.

"ನಾನು ತೀರ್ಪು ಕೊಡ್ತೀನಿ."

ಇಬ್ಬರೂ ಅವನತ್ತ ತಿರುಗಿದರು.

"ದಾರೀಲಿ ಇಬ್ಬರ ವಾದಾನೂ ಕೇಳ್ತೀನಿ. ಊರು ಮುಟ್ಟೋದರೊಳಗೆ ಒಂದೇ ಕಡೆ ಹೇಳ್ತೀನಿ. ಹೆಬ್ಬೆರಳು ಗಿಬ್ಬೆರಳು ಏನಿಲ್ಲ. ಸೋತವರು ಸೀಸನ್ ಮುಗಿಯೋ ತನಕ ಈ ಮಾತು ಎತ್ತಬಾರದು. ಆದ್ರೆ ವಾದ ಮಾಡಬೇಕು ಅಂದ್ರೆ ಕಾರಲ್ಲಿ ಕೂರಬೇಕು."

ಅಭಿಮಾನಿಗಳಿಗೆ ಸೋಲುವ ಭಯ ಇರುವುದಿಲ್ಲ, ವಾದ ಮಾಡಲು ಸಿಕ್ಕ ಅವಕಾಶ ತಪ್ಪಿಹೋಗುವ ಭಯ ಮಾತ್ರ. ಮೇಡಂ ಜೈದನಿಗೆ ಬರಬೇಡವೆಂದು ಹೇಳಿ ಮುಂದಿನ ಸೀಟಿನಲ್ಲಿ ಕೂತರು. ಬಾಗಿಲು ಧಡಾರೆಂದಿತು. ಲೋಹಿತನಿಗೆ ಹೋದ ಜೀವ ಬಂದಂತಾಯಿತು.

ಕಾರ್‌ಪೂಲ್ ಲೇನು ಎಣ್ಣೆ ಸವರಿದಂತೆ ಸಾಗಿತು.

"ಮೊದಲೆಲ್ಲಾ ಮೈದಾನದ ಆ ತುದಿಗೆ ಎಸೀತಿದ್ದ. ಈಗ ಎಸೆದ್ರೆ ಪಕ್ಕದ ಮನೆ ಕಾಂಪೌಂಡೂ ದಾಟಲ್ಲ," ಎಂದ ತಿರುಮಲೇಶ.

"ಹೊಸಾ ಹುಡುಗ ಎಸದ್ರ ಆಟ ನೋಡೋರೂ ಹೆಲ್ಮೆಟ್ ಹಾಕ್ಕೊಂಡ್ ಕೂಡಬೇಕಾಗ್ತದ. ಯಜಮಾನ ಗೆದ್ದಾಗ ನೀವ ಅವನ ನಂಬರಿನ ಅಂಗಿ ಹಾಕ್ಕೊಂಡು ಗ್ರೋಸರಿಗೆ ಬಂದಿದ್ರಿ. ನಾ ನೋಡೀನಿ."

"ಆ ಅಂಗಿ ಈಗಲೂ ಇದೆ. ಸೈಜು ಆಗಲ್ಲ."

"ಹಂಗಾರ ಅಂಗೀನ ಬಿಡ್ರಿ, ಮನುಷ್ಯಾನ್ನ ಯಾಕ ಬಿಡ್ತೀರಿ?"

ಡಂಬಾರ್ಟನ್ ಸೇತುವೆ ಹತ್ತಿದಾಗ ಲೋಹಿತನ ಫೋನು ರಿಂಗಾಯಿತು. ವೆಂಕಟಮ್ಮ ಆಂಟಿ.

"ಎಲ್ಲಿದೀಯಪ್ಪಾ?"

"ಸೇತುವೆ ಮೇಲೆ ಆಂಟಿ. ಬಂದೇಬಿಟ್ಟೆ."

"ಪುಟ್ಟಿ ಒಂದೇ ಸಮ ಅಳ್ತಾವಳೆ. ಅಪ್ಪ ಬೇಕಂತೆ. ಫೋನು ಸ್ಪೀಕರಿಗೆ ಹಾಕಿ ಅವಳ ಹತ್ರ ಇಟ್ಟಿದೀನಿ. ನೀನು ಕಟ್ ಮಾಡ್ಬೇಡ. ಏನಾದ್ರೂ ಮಾತಾಡ್ತಾ ಇರು, ನಿನ್ನ ದನಿ ಕೇಳಿದ್ರೆ ಸುಮ್ಮನಾಗ್ತಾಳೆ."

"ಏನು ಮಾತಾಡ್ಲಿ?" ಎಂದು ಲೋಹಿತ್ ಕಂಗಾಲಾದ.

"ಏನಾದ್ರೂ ಅಂದ್ರಲ್ಲ," ಎಂದ ತಿರುಮಲೇಶ. "ತೀರ್ಪು ಹೇಳು. ಊರು ಬಂತು."

ಲೋಹಿತ್ ಫೋನನ್ನು ಗಲ್ಲದ ಹತ್ತಿರ ಹಿಡಿದು ಕಿಟಕಿಯಾಚೆ ನೋಡಿದ. ಈ ಇಬ್ಬರು ಕೇಳಿದಾಗ ತಬ್ಬಿಬ್ಬಾಗಬಾರದೆಂದು ಅವನು ಪರೀಕ್ಷೆಗೆ ಓದುವವನಂತೆ ಪ್ರತಿ ಪಂದ್ಯವನ್ನೂ ಕೊನೆಯವರೆಗೆ ನೋಡುತ್ತಿದ್ದ. ಎಲ್ಲ ನೋಡಿಯೂ ತನಗೊಂದು ಅಭಿಪ್ರಾಯವಿದೆ ಎಂಬುದು ಅವನಿಗೆ ಈವರೆಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು.

"ನಿನ್ನೆ ಆಟ ಮುಗಿದ ಮೇಲೆ ಕ್ಯಾಮೆರಾ ಅವನ ಕಡೆ ತಿರುಗ್ತು," ಎಂದು ಶುರುಮಾಡಿದ. "ಬೆಂಚಿನಿಂದ ಏಳೋಕೆ ಎರಡು ಮಂಡಿ ಮೇಲೂ ಕೈ ಊರಿದ. ಯಾರಾದ್ರೂ ನೋಡಿದ್ರಾ ಅಂತ ಸುತ್ತ ನೋಡಿದ. ಆಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ನಕ್ಕ. ಅವನಿಗೆ ನೋವಿದೆ. ಇಷ್ಟು ವರ್ಷ ನಮಗಾಗಿ ದುಡಿದಿದಾನೆ. ಹೋಗಬೇಡ, ಹೋಗಬೇಡ ಅಂತ ನಾವು ಹಿಡ್ಕೊಂಡಿರೋದು ಅವನ ಮೇಲಿನ ಪ್ರೀತಿಗಲ್ಲ, ಅವನು ಹೋದ್ರೆ ನಮ್ಮ ಗತಿಯೇನು ಅನ್ನೋ ಭಯಕ್ಕೆ. ನಿನಗೆ ಸಾಕಾಗಿದೆಯೇನಪ್ಪಾ ಅಂತ ಅವನನ್ನ ಒಬ್ಬರಾದ್ರೂ ಕೇಳಿದೀವಾ? ಚೆನ್ನಾಗಿದ್ದಾಗಲೇ ಹಾರ ಹಾಕಿ, ಕೈಮುಗಿದು, ಕಳಿಸಿಕೊಡಬೇಕು. ನಾವು ಹೇಗೋ ಮಾಡ್ಕೋತೀವಿ."

ಕಾರು ಸೇತುವೆ ಇಳಿಯಿತು. ಫೋನಿನಲ್ಲಿ ಪುಟ್ಟಿಯ ಅಳು ನಿಂತಿತ್ತು.

"ಸೋತೆ ನಾನು," ಎಂದು ಖಾಲಿದಾ ಮೇಡಂ ಕಣ್ಣೊರೆಸಿಕೊಂಡರು. "ಇಷ್ಟ ದಿನಾ ಇಂಥಾ ಮಾತು ಎಲ್ಲಿಟ್ಟಿದ್ರಿ?"

"ನಾನು ಗೆದ್ದೆ. ಆದ್ರೂ ಯಾಕೋ ಗೆದ್ದಂಗೆ ಅನ್ನಿಸ್ತಿಲ್ಲ," ಎಂದ ತಿರುಮಲೇಶ.

ಲೋಹಿತನ ಎದೆ ಹಬ್ಬದ ಪೂರಿಯಂತೆ ಉಬ್ಬಿತು. ಆರಕ್ಕೆ ಇನ್ನೂ ಐದು ನಿಮಿಷವಿರುವಾಗ ಕಾರು ವೆಂಕಟಮ್ಮ ಆಂಟಿಯ ಮನೆ ಮುಂದೆ ನಿಂತಿತು. ಅವನು ಬಾಗಿಲಿಗೆ ಓಡಲಿಲ್ಲ, ನಡೆದುಕೊಂಡು ಹೋದ. ಪುಟ್ಟಿಗೆ ಹೇಗಿದೆಯೋ ನೋಡೋಣವೆಂದು ಮೇಡಂ ಮತ್ತು ತಿರುಮಲೇಶ ಹಿಂದೆಯೇ ಬಂದರು.

ಆಂಟಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಆ ಹೊತ್ತಿನಲ್ಲಿ ಅವರು ಕೂತದ್ದನ್ನು ಲೋಹಿತ್ ಕಂಡದ್ದೇ ಇಲ್ಲ. ಪುಟ್ಟಿ ಅವರ ತೊಡೆಯ ಮೇಲೆ ಕಿತ್ತಳೆ ತಿನ್ನುತ್ತಿತ್ತು.

"ಟೈಮಿಗೆ ಬಂದೆ ಆಂಟಿ."

"ಬಂದೆ ಕಣಪ್ಪ. ಸೀಟು ನಿಂದೇ," ಎಂದು ಆಂಟಿ ನಕ್ಕರು. "ಈ ತಿಂಗಳ ಕೊನೇವರೆಗೂ."

"ಕೊನೇವರೆಗೂ ಅಂದ್ರೆ?"

"ಮುಚ್ತಾ ಇದೀನಿ. ಮಂಡಿ ನೋವು ಅಂತ ಹೇಳೋಕೆ ನಾಚಿಕೆ ಆಗ್ತಿತ್ತು. ಮಗ ಬಿಟ್ಟುಬಿಡು ಅಂತಾನೆ, ನೀವೆಲ್ಲ ಬಿಡಬೇಡಿ ಅಂತೀರ. ಸಾಕಾಗಿದೆಯೇನಮ್ಮಾ ಅಂತ ಯಾರೂ ಕೇಳಿರ್ಲಿಲ್ಲ. ಅದ್ಯಾರೋ ಆಟದವನ ವಿಷಯ ಹೇಳ್ತಿದ್ಯಲ್ಲ, ನನ್ನನ್ನೇ ಕೂರಿಸಿಕೊಂಡು ಹೇಳಿದ ಹಾಗಾಯ್ತು. ಹಗುರಾಗಿಬಿಟ್ಟೆ ಕಣಪ್ಪಾ. ಆಗಲೇ ತಂದೆತಾಯಂದಿರ ಗ್ರೂಪಿಗೆ ಹಾಕಿದೀನಿ. ಲೋಹಿತನ ಮಾತು ಕೇಳಿ ನಿರ್ಧಾರ ಮಾಡಿದೆ, ಅವನಿಗೆ ನನ್ನ ಧನ್ಯವಾದ ಅಂತಾನೂ ಬರೆದಿದೀನಿ."

ಲೋಹಿತನ ಜೇಬಿನಲ್ಲಿ ಫೋನು ಜೀರುಂಡೆಯಂತೆ ಗುಂಯ್‌ಗುಟ್ಟತೊಡಗಿತು. ನಿಂತಿತು. ಮತ್ತೆ ಶುರುವಾಯಿತು. ಆಮೇಲೆ ನಿಲ್ಲಲೇ ಇಲ್ಲ.

"ಆಂಟಿ, ಅದು ಬರೀ ಫುಟ್‌ಬಾಲಿನ ಮಾತು. ಅನುಭವ ಅನ್ನೋದು ಎಷ್ಟು ದೊಡ್ಡದು ಗೊತ್ತಾ? ಹೊಸಬರಿಗೆ ಏನು ಬರುತ್ತೆ?" ಎಂದು ತೊದಲಿದ ಲೋಹಿತ್ ಕೊನೆಯ ಆಸರೆಗಾಗಿ ಹಿಂದೆ ತಿರುಗಿದ. "ಖಾಲಿದಾ ಮೇಡಂ, ಹಳಬರನ್ನ ಯಾಕೆ ಉಳಿಸ್ಕೋಬೇಕು ಅಂತ ಬೆಳಗ್ಗೆಯಿಂದ ಹೇಳ್ತಿದ್ರಲ್ಲ, ಅದನ್ನ ಆಂಟಿಗೆ ಒಂದ್ಸಲ ಹೇಳಿ."

"ಹೆಂಗ ಹೇಳ್ಲಿ? ಸೀಸನ್ ಮುಗಿಯೂ ತನಕಾ ಆ ಮಾತು ಎತ್ತೂ ಹಂಗಿಲ್ಲ," ಎಂದರು ಮೇಡಂ, ನಿಜವಾಗಿಯೂ ಮರುಕದಿಂದ.

ಲೋಹಿತ್ ಮೆಟ್ಟಿಲ ಮೇಲೆ ಆಂಟಿಯ ಪಕ್ಕದಲ್ಲಿ ಕುಸಿದು ಕೂತ. ಪುಟ್ಟಿ ಅವನ ಬಾಯಿಗೆ ಒಂದು ತೊಳೆ ಕಿತ್ತಳೆ ತುರುಕಿತು. ಆಂಟಿ ಅವನ ಬೆನ್ನು ತಟ್ಟಿದರು.

"ಮುಖ ಸಪ್ಪಗೆ ಮಾಡ್ಕೋಬೇಡ. ಮುದ್ದೆ ಮಾಡೋರು ಈ ದೇಶದಲ್ಲಿ ನಾನೊಬ್ಬಳೇ ಅಲ್ಲ. ಶನಿವಾರ ನಾನೂ ಬರ್ತೀನಿ, ಇಬ್ಬರೂ ಹೋಗಿ ಹುಡುಕೋಣ. ಯೂನಿಯನ್ ಸಿಟಿಯಲ್ಲಿ ನನಗೆ ಗೊತ್ತಿರೋ ತಾಯಮ್ಮ ಅಂತ ಒಬ್ಬರಿದಾರೆ, ಅವರೂ ಮನೇಲಿ ಮಕ್ಕಳನ್ನ ನೋಡ್ಕೋತಾರೆ. ಪುಟ್ಟಿಗೆ ಹಿಡಿಸ್ತಾರೆ. ಹೋದ ತಕ್ಷಣ ಮೊದಲು ಅವರ ಮಂಡಿ ಹೇಗಿದೆ ಅಂತ ವಿಚಾರಿಸ್ತೀನಿ."

ಲೋಹಿತ್ ಕಿತ್ತಳೆ ನುಂಗಿ ಏನೋ ಹೇಳಲು ಹೊರಟ.

"ಆದ್ರೆ ಒಂದು ಮಾತು," ಎಂದು ಆಂಟಿ ಕೈ ಅಡ್ಡ ಹಿಡಿದರು. "ಅಲ್ಲಿ ನೀನು ಬಾಯಿ ಬಿಡಬೇಡ."