ಸದರಿ ದೆವ್ವ, ಮೇಲ್ಕಂಡ ಬಾವಿ

ಹದಿಹರೆಯದವರಿಗೆಂದು ಬರೆದ ದೆವ್ವದ ಕಾದಂಬರಿಗಳನ್ನು ನನ್ನ ಚಿಕ್ಕಮ್ಮನಿಗಿಂತ ಹೆಚ್ಚು ಓದಿದವರು ತಿರುವನಂತಪುರದಲ್ಲಿ ಯಾರಾದರೂ ಇದ್ದರೆ ಕರೆದು ತನ್ನಿ, ನಾನು ವಕೀಲಿಕೆ ಬಿಟ್ಟು ಕೊಚ್ಚಿಯ ಕಲೂರ್ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಪಳಂಪೊರಿ ಕರಿಯುತ್ತೇನೆ! ಚಿಕ್ಕಮ್ಮನಿಗೆ ಈಗ ಅರುವತ್ತಮೂರು. ಸೊಂಟಕ್ಕೆ ಬೆಲ್ಟು, ಮಂಡಿಗೆ ಎಣ್ಣೆ, ಕೈಯಲ್ಲಿ ರಕ್ತ ಸುರಿಯುವ ಮುಖಪುಟದ ಪುಸ್ತಕ.

ಮೊದಲಿಂದಲೂ ಹೀಗಿದ್ದವರಲ್ಲ. ಕಾಸರಗೋಡಿನಿಂದ ಕೆಲಸಕ್ಕೆಂದು ತಿರುವನಂತಪುರಕ್ಕೆ ಹೋಗಿ ಅಲ್ಲೇ ಉಳಿದವರು. ಮಲಯಾಳದ ಸರಕಾರಿ ಆದೇಶಗಳನ್ನು ಗಡಿನಾಡಿನ ಕನ್ನಡಿಗರಿಗಾಗಿ ಕನ್ನಡಕ್ಕೆ ತರುವುದು ಅವರ ಉದ್ಯೋಗ. ರೇಶನ್ ಅಕ್ಕಿಯಿಂದ ಹಿಡಿದು ಬೀದಿನಾಯಿಯ ಲಸಿಕೆಯವರೆಗೆ ಮೂವತ್ತೊಂದು ವರ್ಷ ಎಲ್ಲವೂ ಅವರ ಪೆನ್ನಿನ ಮೂಲಕ ಹಾದು ಕನ್ನಡವಾದವು. ಅದನ್ನೆಲ್ಲ ಯಾರು ಓದಿದರು ಎಂದು ಕೇಳಬೇಡಿ, ಚಿಕ್ಕಮ್ಮನಿಗೂ ಗೊತ್ತಿಲ್ಲ. ಮದುವೆ ಯಾಕೆ ಆಗಲಿಲ್ಲ ಎಂದರೆ, ಬಂದ ಕರಡು ಯಾವುದೂ ಒಪ್ಪುವ ಹಾಗಿರಲಿಲ್ಲ ಎನ್ನುತ್ತಾರೆ.

ನಿವೃತ್ತರಾದ ತಿಂಗಳೇ ಕೊಚ್ಚಿಯ ನಮ್ಮ ಫ್ಲ್ಯಾಟಿಗೆ ಬಂದರು. ನನ್ನ ಮಗಳ ಕಪಾಟು ನೋಡಿ ಹೌಹಾರಿದರು. ತಲೆಬುರುಡೆ, ಬಾವಲಿ, ಕಣ್ಣಿಲ್ಲದ ಹುಡುಗಿ! ಇದು ಮಗುವಿನ ಕೋಣೆಯೋ ಸ್ಮಶಾನವೋ ಎಂದು ನನ್ನನ್ನು ವಿಚಾರಿಸಿಕೊಂಡು, ಪರಿಶೀಲನೆಗೆಂದು ಒಂದು ಪುಸ್ತಕವನ್ನು ಚೀಲಕ್ಕೆ ಹಾಕಿ ಬೆಳಗಿನ ರೈಲು ಹತ್ತಿದರು. ಆಲಪ್ಪುಳ ದಾಟುವಾಗ ಫೋನು ಬಂತು. ಬೈಗುಳಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡೆ.

"ಇದರ ಎರಡನೇ ಭಾಗ ಉಂಟಾ ನಿಮ್ಮಲ್ಲಿ?" ಎಂದರು.

ಅಲ್ಲಿಂದ ಶುರು ನೋಡಿ. ಪ್ರತಿ ಶನಿವಾರ ಪುಸ್ತಕದಂಗಡಿಗೆ ಹೋಗಿ, ಮಕ್ಕಳಿಗೆಂದು ಇಟ್ಟ ಹಳದಿ ಮೋಟು ಸ್ಟೂಲಿನ ಮೇಲೆ ಆಸೀನರಾಗುತ್ತಾರೆ. ಹೊಸ ಪುಸ್ತಕಗಳ ಪೆಟ್ಟಿಗೆ ಅವರ ಸಮಕ್ಷಮದಲ್ಲೇ ಒಡೆಯಬೇಕು. ಹತ್ತನೇ ಪುಟದೊಳಗೆ ಒಬ್ಬರಾದರೂ ಮಾಯವಾಗದಿದ್ದರೆ ಆ ಪುಸ್ತಕ ವಾಪಸು! ಪಾಸಾದವುಗಳಲ್ಲಿ ಮತ್ತೆ ಮೂರು ಜಾತಿ: ದೀಪ ಆರಿಸಿ ಮಲಗಬಹುದಾದದ್ದು, ದೀಪ ಉರಿಯುತ್ತಿರಬೇಕಾದದ್ದು, ಒಬ್ಬರೇ ಇರುವ ಮನೆಯಲ್ಲಿ ತೆರೆಯಲೇ ಬಾರದ್ದು. ಈ ಮೂರನೇ ಜಾತಿಯನ್ನು ಅವರು ಹಗಲು ರೈಲಿನಲ್ಲಿ, ನಾಲ್ಕು ಜನರ ಮಧ್ಯೆ ಕೂತು ಮಾತ್ರ ಓದುತ್ತಾರೆ. ತಿಂಗಳಿಗೆರಡು ಸಲ ಕೊಚ್ಚಿಗೆ ಬರುವುದು ನಮ್ಮ ಮೇಲಿನ ಮಮತೆಯಿಂದ ಎಂದು ನಾನು ಎಷ್ಟೋ ಕಾಲ ನಂಬಿದ್ದೆ!

ಒಮ್ಮೆ ಮಟ್ಟಾಂಚೇರಿಯಲ್ಲಿ, ಕಾಫಿ ಅಂಗಡಿಯಾಗಿ ಬದಲಾದ ಹಳೆಯ ಮೆಣಸಿನ ಗೋದಾಮಿನಲ್ಲಿ, ಹದಿಹರೆಯದ ಓದುಗರ ಕೂಟವಿತ್ತು. ಚಿಕ್ಕಮ್ಮ ನನ್ನನ್ನೂ ಮಗಳನ್ನೂ ಎಳೆದುಕೊಂಡು ಹೋದರು. ಬಾಗಿಲಲ್ಲಿದ್ದ ಹುಡುಗಿ, ಹೆತ್ತವರಿಗೆ ಹೊರಗೆ ಕುರ್ಚಿ ಹಾಕಿದೆ ಎಂದಳು. ಚಿಕ್ಕಮ್ಮ ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿ ತಾವು ಮಗಳ ಜೊತೆ ಒಳಗೆ ನಡೆದರು. ಕಾದಂಬರಿಯೊಂದರ ದೆವ್ವ ಯಾರದೋ ಮನೆಯ ಅಟ್ಟದಲ್ಲಿ ಬಂದು ಕೂತ ಬಗ್ಗೆ ಚರ್ಚೆ ನಡೆಯುತ್ತಿದ್ದುದು ಹೊರಗೂ ಕೇಳುತ್ತಿತ್ತು. ಚಿಕ್ಕಮ್ಮ ಎದ್ದು ನಿಂತು, ಶುದ್ಧ ಸರಕಾರಿ ಮಲಯಾಳದಲ್ಲಿ ಆಕ್ಷೇಪ ಎತ್ತಿದರು. ನಮ್ಮೂರಿನ ಭೂತಗಳಿಗೆ ಒಂದು ಸ್ಥಾನ ಉಂಟು, ಗಡಿ ಉಂಟು. ಕೋಲದಲ್ಲಿ ಕರೆದಾಗ ಬಂದು ನ್ಯಾಯ ಹೇಳಿ ಹೋಗುತ್ತವೆ. ಈ ದೆವ್ವ ಅಟ್ಟ ಹತ್ತಿದ್ದು ಯಾರ ಅನುಮತಿಯಿಂದ? ಮರುತಿಂಗಳು ಪುಸ್ತಕ ಆರಿಸುವ ಜವಾಬ್ದಾರಿಯನ್ನು ಮಕ್ಕಳು ಚಿಕ್ಕಮ್ಮನಿಗೇ ವಹಿಸಿದರು. ಇವರು ಯಾರೆಂದೇ ಗೊತ್ತಿಲ್ಲದವಳಂತೆ ಮನೆಗೆ ಮರಳುವ ಬೋಟು ಹತ್ತಿದ ನನ್ನ ಮಗಳು, ಎರ್ನಾಕುಲಂ ಜೆಟ್ಟಿ ಬರುವಾಗ ಅವರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು.

ಈಗ ನನ್ನ ಸಂಕಟ ಹೇಳುತ್ತೇನೆ. ಕೊಚ್ಚಿಯಲ್ಲೇ ಹುಟ್ಟಿದ ಈ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಊಟಕ್ಕೆ ಬಾ ಎಂದರೆ "ಎನಿಕ್ಕ್ ವೇಂಡ", ನನಗೆ ಬೇಡ, ಎಂದು ಮಲಯಾಳದಲ್ಲಿ ಹಟ ಮಾಡುತ್ತಾಳೆ. ಅಕ್ಷರವಂತೂ ದೂರದ ಮಾತು. ಅವಳು ಅಜ್ಜಿ ಎಂದು ಕರೆಯುವ ಚಿಕ್ಕಮ್ಮನ ಹತ್ತಿರ ಮಾತಿಗೆ ಕೂತರೂ ಇವರು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಹೇಳುವುದು. ನಮ್ಮ ಮನೆಯ ಕನ್ನಡ ನನ್ನಲ್ಲಿಗೇ ಮುಗಿಯುತ್ತದೆ ಎಂಬ ದುಃಖ ನನಗೆ ನಿಜಕ್ಕೂ ಇತ್ತು. ಅದರ ಮೇಲೆ ಹತ್ತನೇ ತರಗತಿ, ಗಣಿತದಲ್ಲಿ ಮಣ್ಣು ಮುಕ್ಕಿದ ಅಂಕ! ನಾನು ಕಪಾಟಿಗೆ ಬೀಗ ಹಾಕಿ, ಪರೀಕ್ಷೆ ಮುಗಿಯುವವರೆಗೆ ಕಾದಂಬರಿ ಬಂದ್ ಎಂದು ಹುಕುಂ ಹೊರಡಿಸಿದೆ. ಚಿಕ್ಕಮ್ಮ ಎದುರಾಡಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮರುವಾರದಿಂದ ಅಂಚೆಯಲ್ಲಿ ಉದ್ದನೆಯ ಕಂದು ಲಕೋಟೆಗಳು ಬರತೊಡಗಿದವು. ಮೊದಲನೆಯದರಲ್ಲಿ ಕನ್ನಡ ವರ್ಣಮಾಲೆ, ಕಾಗುಣಿತ. ಆಮೇಲಿನವುಗಳಲ್ಲಿ ಚಿಕ್ಕಮ್ಮನ ಮುತ್ತಿನಂಥ ಅಕ್ಷರದ ಹಾಳೆಗಳು. ಮಗಳು ಗಣಿತದ ಲೆಕ್ಕ ಮುಗಿಸಿ, ಬೆರಳಿಟ್ಟು ಅಕ್ಷರ ಕೂಡಿಸುತ್ತ ಕೂರುವುದನ್ನು ಕಂಡು ನಾನು ಹಿಗ್ಗಿದ್ದೇ ಹಿಗ್ಗಿದ್ದು. ಹಾಳೆಯಲ್ಲಿ ಏನಿದೆ ಎಂದು ನೋಡಿದೆನೇ? ಇಲ್ಲ! ಕನ್ನಡ ಎಂದ ಮೇಲೆ ಒಳ್ಳೆಯದೇ ಇರುತ್ತದೆ ಎಂದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಮಗಳು ತಟ್ಟೆಯಿಂದ ತಲೆಯೆತ್ತಿ, ಹುಟ್ಟಿದ ಮೇಲೆ ಮೊದಲ ಬಾರಿಗೆ ನನ್ನೊಡನೆ ಒಂದು ಇಡೀ ಕನ್ನಡ ವಾಕ್ಯ ಆಡಿದಳು.

"ಅಮ್ಮಾ, ಸದರಿ ಸಾಂಬಾರಿನಲ್ಲಿ ಉಪ್ಪು ಇಲ್ಲದಿರುವುದು ಗಮನಕ್ಕೆ ಬಂದಿರುತ್ತದೆ."

ನನ್ನ ಕೈಯ ಸೌಟು ಜಾರಿತು. ಓಡಿಹೋಗಿ ಹಾಳೆಗಳನ್ನು ಬಿಚ್ಚಿದೆ. ನೆರಳು ಕಳೆದುಕೊಂಡ ಹುಡುಗಿಯೊಬ್ಬಳ ಭಯಂಕರ ಕಥೆ! ಚಿಕ್ಕಮ್ಮ ಪುಸ್ತಕದಂಗಡಿಯಲ್ಲಿ ಪತ್ತೆ ಹಚ್ಚಿದ್ದ ಹೊಸ ಇಂಗ್ಲಿಷ್ ಕಾದಂಬರಿಯನ್ನು ತಮಗೆ ಬರೆದು ಗೊತ್ತಿದ್ದ ಒಂದೇ ಕನ್ನಡದಲ್ಲಿ, ಸರಕಾರಿ ಆದೇಶದ ಕನ್ನಡದಲ್ಲಿ, ಇಳಿಸಿದ್ದರು. "ಮೇಲ್ಕಂಡ ಬಾವಿಯಲ್ಲಿ ವಾಸವಿರುವ ಸದರಿ ದೆವ್ವವು, ಹುಡುಗಿಯ ನೆರಳನ್ನು ಯಾವುದೇ ಮುನ್ಸೂಚನೆಯಿಲ್ಲದೆ ವಶಪಡಿಸಿಕೊಂಡಿತು." ನಗು ತಡೆಯಲಾಗಲಿಲ್ಲ, ಸಿಟ್ಟೂ ತಡೆಯಲಾಗಲಿಲ್ಲ. ಫೋನು ಮಾಡಿ, ಹುಡುಗಿಯ ಪರೀಕ್ಷೆ ಹಾಳು ಮಾಡುತ್ತಿದ್ದೀರಿ ಎಂದು ಕೋರ್ಟಿನ ದನಿಯಲ್ಲೇ ಜಾಡಿಸಿದೆ. ಅವರು ಸಣ್ಣ ದನಿಯಲ್ಲಿ ಆಯಿತು ಎಂದರು. ಲಕೋಟೆ ನಿಂತಿತು, ಅವರು ಬರುವುದೂ ನಿಂತಿತು. ಮಗಳು ಮತ್ತೆ "ವೇಂಡ"ಕ್ಕೆ ಮರಳಿದಳು. ಗೆದ್ದವಳು ನಾನೇ, ಆದರೆ ಮನೆಯಲ್ಲಿ ನನ್ನ ಹತ್ತಿರ ಕನ್ನಡ ಮಾತಾಡುವವರು ಯಾರೂ ಇರಲಿಲ್ಲ.

ಮೂರು ವಾರದ ಮೇಲೆ ಒಂದು ಕೇಸಿಗೆ ತಿರುವನಂತಪುರಕ್ಕೆ ಹೊರಟೆ. ಮಗಳು ಅಂಟಿಸಿದ ಲಕೋಟೆಯೊಂದನ್ನು ನನ್ನ ಫೈಲಿನೊಳಗೆ ತುರುಕಿ, ಅಜ್ಜಿಗೆ ಕೊಡಬೇಕು, ತೆರೆಯಬಾರದು ಎಂದಳು. ಕೋರ್ಟಿನ ಕೆಲಸ ಮುಗಿಸಿ ಸಂಜೆ ಚಿಕ್ಕಮ್ಮನ ಮನೆಗೆ ಹೋದೆ. ಮೇಜಿನ ಮೇಲೆ ಹೊಸ ಪುಸ್ತಕಗಳು ಕಟ್ಟು ಬಿಚ್ಚದೆ ಬಿದ್ದಿದ್ದವು. ಲಕೋಟೆ ಒಡೆದು ಓದಿ ನನ್ನ ಕೈಗೆ ಕೊಟ್ಟರು. ಸೊಟ್ಟ ಸೊಟ್ಟ ಕನ್ನಡ ಅಕ್ಷರ.

"ಮಾನ್ಯರೇ, ಸದರಿ ಹುಡುಗಿಯು ಹನ್ನೊಂದನೇ ಅಧ್ಯಾಯದ ಕೊನೆಯಲ್ಲಿ ಬಾವಿಗೆ ಇಳಿದಿದ್ದು, ಈವರೆಗೆ ಮೇಲೆ ಬಂದಿರುವುದಿಲ್ಲ. ಅವಳನ್ನು ಆದಷ್ಟು ಬೇಗ ಮೇಲೆತ್ತಬೇಕಾಗಿ ವಿನಂತಿ. ಗಣಿತ ಓದುತ್ತಿದ್ದೇನೆ ಎಂದು ದೃಢೀಕರಿಸುತ್ತೇನೆ."

ಅದರ ಕೆಳಗೆ, ಯಾವ ಆದೇಶದಲ್ಲೂ ಇಲ್ಲದ, ಅವಳದೇ ಆದ ಒಂದು ಸಾಲಿತ್ತು: "ಅಜ್ಜಿ, ಮತ್ತೆ ಎಂತ ಆಯಿತು?"

ಚಿಕ್ಕಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಮೂವತ್ತೊಂದು ವರ್ಷ ಕನ್ನಡ ಮಾಡಿದೆ ಮಾರಾಯ್ತಿ. ಓದಿದೆ ಅಂತ ಒಬ್ಬರೂ ಬರೆದದ್ದಿಲ್ಲ."

ಎಂಥ ದೊಡ್ಡ ನ್ಯಾಯ ಮಾಡಿದ್ದೆ ನಾನು! ಆರು ಗಂಟೆಯ ರೈಲಿಗೆ ಟಿಕೆಟ್ ಇತ್ತು, ಹೋಗಲಿ ಎಂದುಕೊಂಡೆ. ಮೇಜಿನ ಮೇಲಿನ ಪುಸ್ತಕಗಳನ್ನು ಬದಿಗೆ ಸರಿಸಿ, ಬಿಳಿ ಹಾಳೆ ಹರಡಿ, ಪೆನ್ನನ್ನು ಅವರ ಕೈಗಿಟ್ಟೆ.

"ಬರೆಯಿರಿ ಚಿಕ್ಕಮ್ಮ. ನಾನು ಕೂತಿರುತ್ತೇನೆ, ಲಕೋಟೆ ನಾನೇ ತೆಗೆದುಕೊಂಡು ಹೋಗುತ್ತೇನೆ."