ಸೀಮೆ ಕೊಡಲಿಯೂ ಮಾವನ ಎಣ್ಣೆಸ್ನಾನವೂ

ಇನ್ನು ಮೇಲೆ ಈ ಮನೆಯ ಕಟ್ಟಿಗೆ ಒಡೆಯುವವನು ನಾನೇ ಎಂದು ಐವತ್ತೆಂಟನೆಯ ಇಸವಿಯ ಒಂದು ಸೋಮವಾರ ಬೆಳಿಗ್ಗೆ ನಾನು ಘನಗಂಭೀರವಾಗಿ ಘೋಷಿಸಿದೆ. ಕೇಳಿಸಿಕೊಂಡವರು ನನ್ನ ಹೆಂಡತಿ ಶಂಕರಿ ಮತ್ತು ನಮ್ಮ ಬೆಕ್ಕು. ಬೆಕ್ಕು ಎದ್ದು ಹೋಯಿತು.

"ಕೂಸಪ್ಪ ಬರ್ತಾನಲ್ಲ, ನಿಮಗೆ ಎಂತಕ್ಕೆ ಈ ಉಸಾಬರಿ?" ಎಂದಳು ಶಂಕರಿ.

ಕೂಸಪ್ಪ ಬೆಟ್ಟಂಪಾಡಿಯಿಂದ ಬಂದು ನಮ್ಮ ಕಟ್ಟಿಗೆ ಒಡೆದುಕೊಡುವವನು. ಗುರುವಾರ ಬರುತ್ತೇನೆ ಎನ್ನುತ್ತಾನೆ. ಯಾವ ಗುರುವಾರ ಎಂದು ಹೇಳುವುದಿಲ್ಲ. ಆದರೆ ನನ್ನ ಹಟಕ್ಕೆ ಕಾರಣ ಅವನಲ್ಲ, ಐವರ್ನಾಡಿನ ನನ್ನ ಮಾವ. ಮದುವೆಯ ದಿನ ಧಾರೆ ಎರೆಯುವಾಗ ಅವರು ನನ್ನ ಅಂಗೈ ತಡವಿ ನೋಡಿ, "ಇದು ಬರೀ ಪೆನ್ನಿನ ಕೈ" ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಹೇಳಿದ್ದರು. ಪುತ್ತೂರಿನಲ್ಲಿ ಗುಮಾಸ್ತನಾದ ನನಗೆ ಆ ಮಾತು ಎರಡು ವರ್ಷದಿಂದ ಚುಚ್ಚುತ್ತಲೇ ಇತ್ತು. ಬರುವ ಶನಿವಾರ ಮಾವ ಬರುವವರಿದ್ದರು. ನಾನೇ ಒಡೆದ ಕಟ್ಟಿಗೆಯಲ್ಲಿ ನೀರು ಕಾಯಿಸಿ ಅವರಿಗೆ ಎಣ್ಣೆಸ್ನಾನ ಮಾಡಿಸಬೇಕು, ಅವರೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು! ಇದು ನನ್ನ ಸಂಕಲ್ಪ.

ಅಂದೇ ಸಂತೆಗೆ ಹೋದೆ. ಹಳೇ ಕಬ್ಬಿಣ ಮಾರುವ ಕುಂಞಿ ಮೋನುವಿನ ಎದುರು ಒಂದು ಕೊಡಲಿ ಮಲಗಿತ್ತು. ಯಾವುದೋ ಕಾಫಿ ತೋಟದ ದೊರೆಯ ಕಾಲದ್ದು. ಅದರ ಕೆನ್ನೆಯ ಮೇಲೆ ಅರ್ಧ ಸವೆದ ಇಂಗ್ಲಿಷ್ ಅಕ್ಷರಗಳಿದ್ದವು.

"ಮೂರು ರೂಪಾಯಿ ಕೊಡಿ ಭಟ್ರೇ. ಹಿಡಿ ಸ್ವಲ್ಪ ಅಲ್ಲಾಡ್ತದೆ. ತುಕ್ಕು ಹಿಡಿಯದ ಹಾಗೆ ಲಾರಿಯ ಕರಿ ಎಣ್ಣೆ ಬಳಿದದ್ದುಂಟು, ಒರೆಸಿಕೊಳ್ಳಿ" ಎಂದ ಕುಂಞಿ ಮೋನು.

ಅವನು ಪ್ರಾಮಾಣಿಕ ಮನುಷ್ಯ. ಆದರೆ ಇಂಗ್ಲಿಷ್ ಅಕ್ಷರ ಕಂಡ ಮೇಲೆ ನನ್ನ ಕಿವಿ ಕೆಲಸ ಮಾಡುವುದಿಲ್ಲ. ಆ ಕಪ್ಪು ಹೊಳಪು ಸೀಮೆಯ ಉಕ್ಕಿನದೇ ಇರಬೇಕೆಂದು ಸಂತೋಷಪಟ್ಟುಕೊಂಡು ಮನೆಗೆ ತಂದೆ.

ಶುಕ್ರವಾರ ರಜೆ ಹಾಕಿದೆ. ಪಂಚೆ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ ಹಿತ್ತಿಲಿಗೆ ಇಳಿದೆ. ಒಂದು ಗಾಡಿ ಕಟ್ಟಿಗೆ ರಾಶಿ ಬಿದ್ದಿತ್ತು. ಆದರೆ ನನ್ನ ಕಣ್ಣು ಹೋದದ್ದು ಹಿತ್ತಿಲ ನಡುವೆ ಕೂತಿದ್ದ ದಪ್ಪ ಹುಣಸೆ ಕೊರಡಿನ ಮೇಲೆ. ಅದರ ನೆತ್ತಿಯ ತುಂಬ ಕೊಡಲಿಯ ಕಚ್ಚುಗಳು. ಕೂಸಪ್ಪ ಬರುವುದು ನಾನು ಕಚೇರಿಯಲ್ಲಿರುವ ಹೊತ್ತಿನಲ್ಲಿ. ಅವನ ಕೆಲಸವನ್ನು ನಾನು ಕಂಡವನಲ್ಲ. ಆದರೂ ನನಗೆ ಎಲ್ಲ ಅರ್ಥವಾಯಿತು. ವರ್ಷ ವರ್ಷವೂ ಇದನ್ನು ಒಡೆಯಲು ನೋಡಿ ಆಸಾಮಿ ಸೋತು ಹೋಗಿದ್ದಾನೆ!

"ಸಣ್ಣದರಿಂದ ಸುರು ಮಾಡಿ" ಎಂದು ಶಂಕರಿ ಅಡುಗೆಮನೆಯ ಒಳಗಿಂದ ಕೂಗಿದಳು.

"ದೊಡ್ಡದು ಬಿದ್ದರೆ ಸಣ್ಣವು ತಾವೇ ಹೆದರ್ತಾವೆ" ಎಂದೆ.

ಹದಿನೇಳು ಪೆಟ್ಟು ಹಾಕಿದೆ. ಹದಿನೇಳೂ ನನ್ನ ಭುಜಕ್ಕೇ ವಾಪಸು ಬಂದವು. ಹದಿನೆಂಟನೆಯದು ಕಚ್ಚಿ ನಿಂತಿತು. ಕಾಲು ಕೊಟ್ಟು ಎಳೆದೆ. ಹಿಡಿ ಬಂತು, ಕೊಡಲಿ ಬರಲಿಲ್ಲ. ನಾನು ಹಿಮ್ಮುಖವಾಗಿ ನಾಲ್ಕು ಹೆಜ್ಜೆ ಓಡಿ, ಚಾಪೆಯ ಮೇಲೆ ಒಣಗಲು ಹಾಕಿದ್ದ ಹಲಸಿನ ಹಪ್ಪಳಗಳ ಮಧ್ಯೆ ಆಸೀನನಾದೆ.

ಸದ್ದು ಕೇಳಿ ಬಂದ ಶಂಕರಿಗೆ ಕಂಡದ್ದು ಹಪ್ಪಳ ಮಾತ್ರ.

"ಹಪ್ಪಳ ಒತ್ತುದು ಮಣೆಯಲ್ಲಿ. ಸೊಂಟದಲ್ಲಿ ಅಲ್ಲ" ಎಂದಳು. "ಅಪ್ಪನಿಗೆ ಅಂತ ಮಾಡಿದ್ದು. ಇನ್ನು ನೀವೇ ತಿಂದು ಮುಗಿಸಿ."

ಕಲ್ಲಿನಿಂದ ಕುಟ್ಟಿ ಕುಟ್ಟಿ ಕೊಡಲಿಯನ್ನು ಬಿಡಿಸಿ ಮತ್ತೆ ಹಿಡಿಗೆ ಸಿಕ್ಕಿಸುವಾಗ ಸಂಜೆಯಾಯಿತು. ಹಿಡಿ ಸಡಿಲವಾದರೆ ನೀರಿನಲ್ಲಿ ನೆನೆಹಾಕಬೇಕು, ಮರ ಉಬ್ಬಿ ಬಿಗಿಯಾಗುತ್ತದೆ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕೊಡಲಿಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದೂ ಅದೊಂದೇ. ಆದರೆ ಎಲ್ಲಿ ನೆನೆಹಾಕುವುದು? ಬಾಲ್ದಿಯಲ್ಲಿ ಮುಳುಗಲಿಲ್ಲ. ಶಂಕರಿಯ ಹತ್ತಿರ ಪಾತ್ರೆ ಕೇಳುವ ಧೈರ್ಯ ಆ ದಿನ ಇರಲಿಲ್ಲ. ಕೊನೆಗೆ ಬೆಳಗಿನ ಸ್ನಾನಕ್ಕೆಂದು ನೀರು ತುಂಬಿಸಿಟ್ಟಿದ್ದ ಬಚ್ಚಲಿನ ತಾಮ್ರದ ಹಂಡೆಯಲ್ಲಿ ಓರೆಯಾಗಿ ಇಳಿಸಿ ಮುಚ್ಚಳ ಹಾಕಿದೆ. ಬೆಳಗಾಗುವ ಮೊದಲು ತೆಗೆದರಾಯಿತು ಎಂದುಕೊಂಡೆ.

ಹದಿನೆಂಟು ಪೆಟ್ಟು ಹಾಕಿದ ಮೈ ಬೆಳಗಾಗುವ ಮೊದಲು ಏಳುತ್ತದೆಯೇ? ಮುಖದ ಮೇಲೆ ಬಿಸಿಲು ಬಿದ್ದಾಗ ಎಚ್ಚರವಾಯಿತು. ಬಚ್ಚಲಿನಿಂದ ಮಾವನ ಸ್ವರ ಕೇಳಿಸಿತು.

ಅವರು ಮೊದಲ ಬಸ್ಸಿಗೇ ಬಂದಿದ್ದರು. ಒಡೆದ ಕಟ್ಟಿಗೆ ಇಲ್ಲದ್ದರಿಂದ ಶಂಕರಿ ತೆಂಗಿನ ಒಣ ಮಡಲು ಉರಿಸಿ ನೀರು ಕಾಯಿಸಿದ್ದಳು. ಮಾವ ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಕೂತಿದ್ದರು.

"ಶಂಕರೀ, ನೀರಿಗೆ ಎಂತ ಹಾಕಿದ್ದಿ? ಕಷಾಯವಾ?"

"ಎಂತದೂ ಹಾಕ್ಲಿಲ್ಲ ಅಪ್ಪಾ."

"ಹಾಗಾದ್ರೆ ನನ್ನ ಮೈ ಯಾಕೆ ಲಾರಿಯ ವಾಸನೆ ಬರ್ತದೆ?"

ಆಮೇಲೆ ಚೆಂಬು ಕಬ್ಬಿಣಕ್ಕೆ ತಾಗಿ ಠಣ್ ಎಂದ ಸದ್ದು. ಮಾವ ಬೈರಾಸು ಸುತ್ತಿಕೊಂಡು ಹೊರಗೆ ಬಂದರು. ಹಣೆಯಿಂದ ಹೊಟ್ಟೆಯವರೆಗೆ ಕರಿ ಗೆರೆಗಳು ಇಳಿದಿದ್ದವು. ಕೈಯಲ್ಲಿ ನನ್ನ ಸೀಮೆ ಕೊಡಲಿಯಿತ್ತು, ಹಬೆಯಾಡುತ್ತಿತ್ತು.

ಸರಿಯಾಗಿ ಆಗಲೇ ಕೂಸಪ್ಪ ಬಂದ. ಅವನ ಗುರುವಾರ ಆ ವಾರ ಶನಿವಾರದಂದು ಬಿದ್ದಿತ್ತು. ಅವನು ಮಾವನನ್ನು ನೋಡಿದ, ಕೊಡಲಿಯನ್ನು ನೋಡಿದ, ಹಿತ್ತಿಲಿಗೆ ಹೋಗಿ ಕೊರಡನ್ನೂ ನೋಡಿ ಬಂದ.

"ಭಟ್ರೇ, ಆ ಕೊರಡನ್ನು ಒಡೆಯಲಿಕ್ಕೆ ಹೋದದ್ದು ನೀವಾ?"

"ಹೌದು. ನಿನ್ನಿಂದಲೂ ಆಗಲಿಲ್ಲವಲ್ಲ" ಎಂದೆ, ಸೋತವರು ಇಬ್ಬರಾದರೆ ಅವಮಾನ ಅರ್ಧವಾಗುತ್ತದೆಂಬ ಆಸೆಯಿಂದ.

"ಅದು ಒಡೆಯುವ ಕಟ್ಟಿಗೆ ಅಲ್ಲ ಮಾರಾಯ್ರೆ. ಉಳಿದ ಕಟ್ಟಿಗೆಯನ್ನು ಅದರ ಮೇಲಿಟ್ಟು ಒಡೆಯುದು. ಯಾವ ಪೆಟ್ಟಿಗೂ ಒಡೆಯದ ಕೊರಡು ಬೇಕು ಅಂತ ನಾನೇ ಹುಡುಕಿ ತಂದದ್ದು."

ಶಂಕರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಮಾವ ಮಾತ್ರ ನಗಲಿಲ್ಲ. ಕೊಡಲಿಯನ್ನು ಅಲ್ಲಾಡಿಸಿ ನೋಡಿ, "ಹಿಡಿ ಒಳ್ಳೆ ಬಿಗಿಯಾಗಿದೆ" ಎಂದು ಕೂಸಪ್ಪನ ಕೈಗೆ ಕೊಟ್ಟರು. ಇನ್ನೊಂದು ಹಂಡೆ ನೀರು ಕಾಯಬೇಕಿತ್ತಲ್ಲ. ಆಮೇಲೆ ಮದುವೆಯ ದಿನದ ಹಾಗೆಯೇ ನನ್ನ ಅಂಗೈ ಹಿಡಿದು ತಡವಿದರು. ಅಲ್ಲಿ ನಾಲ್ಕು ದೊಡ್ಡ ಗುಳ್ಳೆಗಳೆದ್ದಿದ್ದವು.

"ಇದು ಪೆನ್ನಿನ ಕೈ ಅಂತ ನಾನು ಅವತ್ತು ಹೇಳಿದ್ದೆ ಅಲ್ವಾ, ಆ ಮಾತನ್ನು ಹಿಂದಕ್ಕೆ ತಕ್ಕೊಳ್ತೇನೆ" ಎಂದರು.

ನನ್ನ ಕಣ್ಣು ತುಂಬಿ ಬಂತು. ಎರಡು ವರ್ಷ ಕಾದದ್ದು ಈ ಒಂದು ಮಾತಿಗೆ.

ಮಾವ ನನ್ನ ಕೈಯನ್ನು ಮೆಲ್ಲಗೆ ನನಗೇ ವಾಪಸು ಕೊಟ್ಟು ಹೇಳಿದರು, "ಈ ಕೈಗೆ ಪೆನ್ನು ಕೊಡುದೂ ಅಪಾಯವೇ."