ಉಗ್ರಾಣದ ಹಾಡಿಗೆ ಮಾಲೀಕರು ಬೇರೆ

ಬೆಳಕು ಹರಿಯುವ ಮೊದಲು ನಾನು ಮುಗಿಸುವ ಕೆಲಸಗಳು ಇವು: ಬಾಗಿಲಲ್ಲಿರುವ ಹಾಲನ್ನು ಒಳಗೆ ತರುವುದು, ನೀರಿನ ಮೋಟಾರು ಹಾಕುವುದು, ತೊಟ್ಟಿ ತುಂಬಿ ಹರಿಯುವ ಮೊದಲು ನೆನಪಿಟ್ಟು ಆರಿಸುವುದು, ರಾತ್ರಿಯ ಪಾತ್ರೆ, ಅತ್ತೆಯ ಬಿಸಿನೀರು, ಅತ್ತೆಯ ಮಾತ್ರೆ, ಯಜಮಾನರ ಊಟದ ಡಬ್ಬಿ, ಅವರ ಅಂಗಿಗೆ ಇಸ್ತ್ರಿ, ಅದೇ ಅಂಗಿಗೆ ಗುಂಡಿ, ಮತ್ತು ಒಂದು ಹಾಡು.

ಹಾಡು ಎಂದರೆ ಗುನುಗುವುದಲ್ಲ, ಕಟ್ಟುವುದು. ಮಾತು ನನ್ನದು, ರಾಗ ನನ್ನದು, ಧ್ವನಿ ನನ್ನದು, ಆಮೇಲಿನ ತಲೆನೋವೂ ನನ್ನದೇ. ಅಂತರ್ಜಾಲದಲ್ಲಿ ನನ್ನನ್ನು ಸ್ವತಂತ್ರ ಸಂಗೀತಗಾರ್ತಿ ಎಂದು ಬರೆದುಕೊಂಡಿದ್ದೇನೆ. (ಸ್ವತಂತ್ರ ಎಂದರೆ ಸಹಾಯಕ್ಕೆ ಯಾರೂ ಇಲ್ಲ ಎಂದರ್ಥ.) ನನ್ನ ಸ್ಟುಡಿಯೊ ಅಡುಗೆಮನೆ ಪಕ್ಕದ ಉಗ್ರಾಣ. ಹಿಟ್ಟಿನ ಚೀಲಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಗೋಡೆಯಾಚೆ ಯಜಮಾನರ ಗೊರಕೆ ಒಂದೇ ಶ್ರುತಿಯಲ್ಲಿ ನಿಂತಿರುತ್ತದೆ. ಅದನ್ನು ಅಳಿಸಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ಹೀಗೆ ಹುಟ್ಟಿದ ಹಾಡುಗಳಲ್ಲಿ ಒಂದು ಸ್ವಲ್ಪ ಹೆಸರು ಮಾಡಿತು. 'ಎಲ್ಲರಿಗಿಂತ ಮೊದಲೆದ್ದು ಮನೆಯ ಬೆಳಗುವ ತಾಯೇ, ನೀ ಮಲಗು ಇನ್ನೊಂದು ಗಳಿಗೆ' ಎಂದು ಅದರ ಆರಂಭ. ಅತ್ತೆ ಅದು ತಮ್ಮ ಮೇಲೆಯೇ ಕಟ್ಟಿದ ಹಾಡೆಂದು ನಂಬಿ, ಮನೆಗೆ ಬಂದವರಿಗೆಲ್ಲ ಕೇಳಿಸಿ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಅಲ್ಲವೆನ್ನಲಿಲ್ಲ.

ಒಂದು ದಿನ ಯಾವುದೋ ಹಾಸಿಗೆ ಅಂಗಡಿಯ ಜಾಹೀರಾತಿನಲ್ಲಿ ನನ್ನ ಹಾಡು ಕೇಳಿಸಿತು. ನನ್ನ ಹೆಸರಿಲ್ಲ, ಅನುಮತಿಯಿಲ್ಲ. ಯಾರೋ ದಪ್ಪ ಮನುಷ್ಯ ನನ್ನ ರಾಗಕ್ಕೆ ಹಾಸಿಗೆಯ ಮೇಲೆ ಹೊರಳಾಡುತ್ತಿದ್ದ. ನಾನು ಕೂಗಿಕೊಂಡೆ. ಯಜಮಾನರು ಪೇಪರ್ ಕೆಳಗಿಟ್ಟರು. ಇದು ನಮ್ಮ ಮನೆಯಲ್ಲಿ ಐತಿಹಾಸಿಕ ಘಟನೆ.

"ಇದಕ್ಕೆಲ್ಲ ಕಾಪಿರೈಟ್ ಅಂತ ಇರುತ್ತೆ ಕಣೇ. ಆನ್‌ಲೈನ್‌ನಲ್ಲೇ ರಿಜಿಸ್ಟರ್ ಮಾಡ್ಬಹುದು. ನಾನು ಮಾಡ್ತೀನಿ ಬಿಡು, ನಿನಗೆ ಇದೆಲ್ಲ ತಲೆಬಿಸಿ."

ಮದುವೆಯಾದಂದಿನಿಂದ ಈ ಮನುಷ್ಯ ತಾನಾಗಿಯೇ "ನಾನು ಮಾಡ್ತೀನಿ" ಎಂದದ್ದು ಅದೇ ಮೊದಲು. ಸಂತೋಷಕ್ಕೆ ಕಾಫಿ ಮಾಡಿಕೊಟ್ಟೆ. ಅವರು ಕಾಫಿ ಕುಡಿಯುತ್ತ ಟಕಟಕ ಒತ್ತಿ ಮುಗಿಸಿದರು. ವಾರದೊಳಗೆ ಹಾಸಿಗೆ ಜಾಹೀರಾತು ಮಾಯವಾಯಿತು. ಅದರ ಬೆನ್ನಿಗೇ ನನ್ನ ಹಾಡೂ ನನ್ನ ಪುಟದಿಂದ ಮಾಯವಾಯಿತು. ಅದರ ಜಾಗದಲ್ಲಿ ಒಂದು ಎಚ್ಚರಿಕೆ: 'ಈ ಹಾಡು ನಿಮ್ಮದಲ್ಲ. ದಯವಿಟ್ಟು ಮಾಲೀಕರ ಅನುಮತಿ ಪಡೆಯಿರಿ.'

ಮಾಲೀಕರು ಪಕ್ಕದ ಕೋಣೆಯಲ್ಲಿ ಕಾಲುಚೀಲ ಹುಡುಕುತ್ತಿದ್ದರು.

"ರೀ, ಹಾಡನ್ನ ಯಾರ ಹೆಸರಿಗೆ ಮಾಡಿಸಿದ್ರಿ?"

"ಯಾರ ಹೆಸರಿಗೆ ಅಂದ್ರೆ? ನನ್ನ ಹೆಸರಿಗೇ. ಮಾಲೀಕರು ಯಾರು ಅಂತ ಕೇಳಿತ್ತು, ಹಾಕಿದೆ. ಗ್ಯಾಸು, ಕರೆಂಟು, ನೀರು, ನಿನ್ನ ಫೋನು, ಎಲ್ಲಾ ನನ್ನ ಹೆಸರಲ್ಲೇ ಇಲ್ವಾ?"

ಅವರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಉದ್ದೇಶವಿದ್ದಿದ್ದರೆ ಜಗಳವಾಡುವುದು ಸುಲಭವಾಗುತ್ತಿತ್ತು. ಅದು ಬರೀ ಕೈಯ ಅಭ್ಯಾಸ.

"ಸರಿ, ಈಗ ಬದಲಾಯಿಸಿ."

ಅವರು ಒಂದು ಕಾಲುಚೀಲ ಹಿಡಿದು ಮಂಚದ ಮೇಲೆ ಕುಳಿತರು. "ಅದು ಹಾಗಲ್ಲ ಕಣೇ. ಆ ಸರ್ಟಿಫಿಕೇಟನ್ನ ಆಫೀಸಲ್ಲಿ ತೋರಿಸ್ಬಿಟ್ಟೆ. ಮ್ಯಾನೇಜರ್ ಕೈಕುಲುಕಿದ್ರು. ಲೆಕ್ಕದ ಸೆಕ್ಷನ್‌ನಲ್ಲೊಬ್ಬ ಕವಿ ಅಂತ ಸನ್ಮಾನ ಬೇರೆ ಇಟ್ಕೊಂಡಿದ್ದಾರೆ. ಈಗ ಹೋಗಿ ನನ್ನದಲ್ಲ ಅಂದ್ರೆ ನನ್ನ ಮುಖ ಏನಾಗ್ಬೇಕು?"

"ಏನೂ ಆಗಲ್ಲ. ಈಗ ಇರೋ ಹಾಗೇ ಇರುತ್ತೆ."

"ನೋಡು, ನಿನಗೆ ಹಾಡೋಕೆ ಪರ್ಮಿಷನ್ ತಾನೇ ಬೇಕು? ಕೊಟ್ಟೆ. ಧಾರಾಳವಾಗಿ ಹಾಡ್ಕೋ."

ಅತ್ತೆ ಹಾಲ್‌ನಿಂದಲೇ ತೀರ್ಪು ಕೊಟ್ಟರು. "ಅವನ ಹೆಸರಲ್ಲಿದ್ರೇನು, ನಿನ್ನ ಹೆಸರಲ್ಲಿದ್ರೇನು? ಹಾಡು ಮನೆಯೊಳಗೇ ಇರುತ್ತಲ್ಲ!"

"ಪಾತ್ರೆ ತೊಳೆಯೋದು ಯಾರ ಹೆಸರಲ್ಲಿದೆ ಅತ್ತೆ?"

"ಅದಕ್ಕೆ ರಿಜಿಸ್ಟರ್ ಬೇಡಮ್ಮ. ಅದನ್ನ ಯಾರೂ ಕದಿಯಲ್ಲ."

(ಅತ್ತೆಯ ಬಗ್ಗೆ ನಾನು ಏನೇ ಹೇಳಲಿ, ಮಾತಿನಲ್ಲಿ ಅವರನ್ನು ಮೀರಿಸುವವರಿಲ್ಲ.)

ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಮೇಲಿನ ಮನೆಯ ವಕೀಲೆಗೆ ಎಲ್ಲವನ್ನೂ ಹೇಳಿದೆ. ಆಕೆ ಬಾಯಲ್ಲಿದ್ದ ಕ್ಲಿಪ್ ತೆಗೆದರು.

"ಹಾಡು ಹುಟ್ಟಿದಾಗಲೇ ಹಕ್ಕು ನಿಮ್ಮದು ಕಣ್ರೀ. ನೋಂದಣಿ ಬರೀ ಸಾಕ್ಷಿಗೆ. ಅದಕ್ಕಿಂತ ಹಿಂದಿನ ರೆಕಾರ್ಡಿಂಗ್ ಏನಾದ್ರೂ ಇದೆಯಾ?"

"ಇದೆ. ಮೊದಲ ಸಲ ಕಟ್ಟುವಾಗ ಮಾಡಿದ್ದು."

"ಮತ್ತೇನು! ಆಕ್ಷೇಪಣೆ ಹಾಕಿ ಅದನ್ನ ಕಳಿಸಿ. ಆದ್ರೆ ಪೂರ್ತಿ ಕಳಿಸ್ಬೇಕು, ಕತ್ತರಿಸೋ ಹಾಗಿಲ್ಲ. ಕತ್ತರಿಸಿದ್ರೆ ಅನುಮಾನ ಬರುತ್ತೆ. ಒಂದು ಪ್ರತಿ ತಾನಾಗೇ ಎದುರು ಪಕ್ಷದ ಫೋನಿಗೂ ಹೋಗುತ್ತೆ."

"ಎದುರು ಪಕ್ಷ ಅಂದ್ರೆ?"

"ನಿಮ್ಮೆಜಮಾನ್ರು."

ಭಾನುವಾರ ಬೆಳಿಗ್ಗೆ ಉಗ್ರಾಣದಲ್ಲಿ ಕುಳಿತು ಆ ಹಳೆಯ ರೆಕಾರ್ಡಿಂಗನ್ನು ಕಿವಿಗೆ ಹಚ್ಚಿಕೊಂಡು ಕೇಳಿದೆ. ಹಾಡುಗಳು ಹುಟ್ಟುವಾಗಲೇ ತೊಳೆದು ಮಡಿಸಿ ಬರುವುದಿಲ್ಲ. ಮೊದಲ ಸಾಲು ಹೀಗಿತ್ತು: 'ಎಲ್ಲರಿಗಿಂತ ಮೊದಲೆದ್ದು ನನ್ನನೇ ಕೂಗುವ ತಾಯೇ, ನೀ ಮಲಗು ಇನ್ನೊಂದು ಗಳಿಗೆ.' ಎರಡನೆಯ ಚರಣದಲ್ಲಿ, 'ಎದುರಲ್ಲಿದ್ದರೂ ಕಾಣದ ದೊರೆಯೇ, ಎರಡೆರಡು ಕಣ್ಣೇಕೆ ನಿನಗೆ' ಎಂದಿತ್ತು. ನಡುವೆ ಹಾಡು ನಿಲ್ಲಿಸಿ, ಗೋಡೆಯ ಕಡೆ ತಿರುಗಿ, ಆ ಗೊರಕೆಗೆ ನಾನು ಹೇಳಿದ ನಾಲ್ಕು ಮಾತುಗಳಿದ್ದವು. ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಲ್ಲವೂ ಸ್ಪಷ್ಟ. ಹಿಟ್ಟಿನ ಚೀಲಗಳು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದವು.

ಇದನ್ನು ಕಳಿಸಿದರೆ ಹಾಡು ನನ್ನದು, ಮನೆಯ ನೆಮ್ಮದಿ ಯಾರದೋ. ಬಿಟ್ಟರೆ ನನ್ನ ಹಾಡಿಗೆ ನಾನೇ ಕಳ್ಳಿ. ಹೋಗಲಿ ಬಿಡು, ಒಂದು ಹಾಡು ತಾನೇ ಎಂದುಕೊಂಡೆ. ಹೋಗಲಿ ಬಿಡು ಎನ್ನುವುದು ನನಗೆ ಪಾತ್ರೆ ತೊಳೆದಷ್ಟೇ ರೂಢಿ. ನಿಜ ಹೇಳುತ್ತೇನೆ, ಫೋನ್ ಬದಿಗಿಡಲು ಕೈ ಹೋಗಿತ್ತು.

ಅಷ್ಟರಲ್ಲಿ ಹಾಲ್‌ನಿಂದ ಯಜಮಾನರ ಧ್ವನಿ ಬಂತು. ಸನ್ಮಾನದ ಭಾಷಣವನ್ನು ಅಮ್ಮನ ಮುಂದೆ ಒಪ್ಪಿಸುತ್ತಿದ್ದರು.

"ಗೆಳೆಯರೇ, ಇಡೀ ಮನೆ ಮಲಗಿತ್ತು. ಇನ್ನೂ ಕತ್ತಲು. ನಾನೊಬ್ಬನೇ ಎದ್ದು ಕೂತಿದ್ದೆ. ಆಗ ಈ ಸಾಲು ಹೊಳೀತು..."

"ಪಾಪ, ಒಬ್ಬನೇ!" ಎಂದರು ಅತ್ತೆ.

ಹಾಡು ಕೊಟ್ಟೇನು. ಆ ಕತ್ತಲನ್ನು ಕೊಡಲಾರೆ. ರೆಕಾರ್ಡಿಂಗನ್ನು ಪೂರ್ತಿಯಾಗಿ, ಒಂದು ಕೆಮ್ಮೂ ಕತ್ತರಿಸದೆ, ಕಳಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ಹಾಲ್‌ನಲ್ಲಿ ಅವರ ಫೋನ್ ಟಿಣ್ ಎಂದಿತು.

"ಅಮ್ಮಾ, ಕಾಪಿರೈಟ್‌ನವರು ಏನೋ ಕಳಿಸಿದ್ದಾರೆ. ನನ್ನ ಹಾಡೇ ಇರ್ಬೇಕು."

"ಜೋರಾಗಿ ಹಾಕೋ, ನನಗೂ ಕೇಳ್ಲಿ. ಆ ಕಿಟಕಿಯನ್ನೂ ತೆಗಿ, ಮೇಲಿನ ಮನೆಯವರಿಗೂ ಕೇಳ್ಲಿ."

ಓಡಿಹೋಗಿ ಕಿತ್ತುಕೊಳ್ಳಲು ಸಮಯವಿತ್ತು. ನಾನು ಹಿಟ್ಟಿನ ಚೀಲಕ್ಕೆ ಒರಗಿ, ಕಾಲು ಚಾಚಿ ಕುಳಿತೆ.